ಡಾಕ್ಟರ ಮುಂದೆ ಸಾಧು, ಮನೆಯಲ್ಲಿ ಏರು: ನಿದ್ರೆ ಕೆಟ್ಟವರು ಬಿ.ಪಿ. ಅಳೆದುಕೊಳ್ಳುವ ಬಗೆ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅದೇ ಕೌಂಟರು, ಅದೇ ಸ್ಟೂಲು. ಅಂಗಡಿಯವನು ಕನ್ನಡದವನು ಎಂದು ಗೊತ್ತಾದ ಮೇಲೆ ನಮ್ಮವರು ಎರಡು ಅಂಗಡಿ ದಾಟಿಯಾದರೂ ಇಲ್ಲಿಗೇ ಬರುತ್ತಾರೆ, ಮಾತ್ರೆಯ ಜೊತೆಗೆ ನಾಲ್ಕು ಮಾತನ್ನೂ ಕೊಂಡೊಯ್ಯುತ್ತಾರೆ.

ಹೋದ ಮಳೆಗಾಲದಲ್ಲಿ ಘಾಟ್‌ಕೋಪರಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಕುಂದಾಪುರ ಕಡೆಯವರೊಬ್ಬರು ಹೆಂಡತಿಯೊಂದಿಗೆ ಬಂದರು. ವಯಸ್ಸು ನಲವತ್ತಾರು.

"ಅಣ್ಣಾ, ನಿದ್ರೆಗೆ ಏನಾದರೂ ಕೊಡಿ. ಎಷ್ಟು ಮಲಗಿದರೂ ಮಲಗಿದಂತಾಗುವುದಿಲ್ಲ."

"ಬಿ.ಪಿ. ನೋಡಿಸಿದ್ದೀರಾ?"

"ನೋಡಿಸಿದ್ದೇನೆ. 128/82. ಡಾಕ್ಟರು ನಾರ್ಮಲ್ ಎಂದಿದ್ದಾರೆ."

ಹೆಂಡತಿ ಅಷ್ಟರವರೆಗೆ ಸುಮ್ಮನಿದ್ದವರು ಬಾಯಿ ಬಿಟ್ಟರು. "ಬೆಳಗ್ಗೆ ಎದ್ದು ತಲೆ ಹಿಡಿದುಕೊಂಡು ಅರ್ಧ ಗಂಟೆ ಕೂರುವುದನ್ನೂ ಹೇಳಿ. ರಾತ್ರಿ ಗೊರಕೆ ಹೊಡೆಯುತ್ತಾ ಇದ್ದಕ್ಕಿದ್ದಂತೆ ಉಸಿರೇ ನಿಂತು ಹೋಗುತ್ತದಲ್ಲ, ಅದನ್ನೂ ಹೇಳಿ."

ನಿದ್ರೆಯ ಮಾತ್ರೆ ಕೊಡಲಿಲ್ಲ. ಅದನ್ನು ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ಅಂಗಡಿಯಲ್ಲಿ ಬಳಸುವ ಬಿ.ಪಿ. ಯಂತ್ರವನ್ನೇ ಒಂದು ವಾರಕ್ಕೆ ಕೊಟ್ಟು ಕಳುಹಿಸಿದೆ. ಅವರು ಮರಳಿ ತಂದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಾಳೆಯನ್ನು. ಪ್ರತಿ ಚೌಕದಲ್ಲಿ ಹಾಲಿನ ಲೆಕ್ಕ, ಅದರ ಕೆಳಗೆ ಪೆನ್ಸಿಲಿನಲ್ಲಿ ಬೆಳಗಿನ ಅಂಕಿ: 148/94, 151/96, 144/92. ಸಂಜೆಯವು ಮಾತ್ರ 132, 130ರ ಆಸುಪಾಸಿನಲ್ಲಿ ತಣ್ಣಗೆ ಕುಳಿತಿದ್ದವು.

ಕ್ಲಿನಿಕ್ಕಿನಲ್ಲಿ ಸರಿಯಾಗಿದ್ದು, ಹೊರಗೆ ಏರಿರುವ ಈ ರಕ್ತದೊತ್ತಡಕ್ಕೆ ವೈದ್ಯರ ಭಾಷೆಯಲ್ಲಿ ಮಾಸ್ಕ್ಡ್ ಹೈಪರ್‌ಟೆನ್ಷನ್ ಎಂದು ಹೆಸರು. ನಾನು ಮರೆಯ ಬಿ.ಪಿ. ಎನ್ನುತ್ತೇನೆ. ಬಿಳಿ ಕೋಟು ಕಂಡ ಕೂಡಲೇ ಬಿ.ಪಿ. ಏರುವವರ ಕಥೆ ಎಲ್ಲರಿಗೂ ಗೊತ್ತು. ಇದು ಅದರ ತಿರುಗುಮುರುಗು, ಮತ್ತು ಹೆಚ್ಚು ಅಪಾಯದ್ದು. ಸುಳ್ಳೇ ಏರಿದ್ದನ್ನು ಯಾರಾದರೂ ಮತ್ತೊಮ್ಮೆ ಪರೀಕ್ಷಿಸುತ್ತಾರೆ, ಸುಳ್ಳೇ ಇಳಿದದ್ದನ್ನು ಯಾರೂ ಕೇಳುವುದಿಲ್ಲ. ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳು ಮಾತ್ರ ಮೌನವಾಗಿ ಪೆಟ್ಟು ತಿನ್ನುತ್ತಿರುತ್ತವೆ.

ಮುಂಬಯಿಯಲ್ಲಿ ಇದು ಡಾಕ್ಟರ ಕಣ್ಣು ತಪ್ಪಿಸಿಕೊಳ್ಳುವುದು ಹೇಗೆ ಎಂದು ಯೋಚಿಸಿ ನೋಡಿ. ಬೆಳಗ್ಗಿನಿಂದ ಗರ್ದಿ, ಗಲಾಟೆ, ಗಿರಾಕಿ, ನಡುವೆ ನಾಲ್ಕು ಸಿಗರೇಟು. ಸಂಜೆ ಡಾಕ್ಟರಲ್ಲಿಗೆ ಹೋದರೆ ಟೋಕನ್ ಹಿಡಿದು ಎ.ಸಿ. ಕೋಣೆಯಲ್ಲಿ ಒಂದು ಗಂಟೆ ಕಾಯುವುದು. ಸಿಗರೇಟಿಲ್ಲ, ಚಹಾ ಇಲ್ಲ, ಯಾರ ಕೂಗೂ ಇಲ್ಲ. ಇಡೀ ದಿನದಲ್ಲಿ ಆ ಮನುಷ್ಯನಿಗೆ ಸಿಕ್ಕ ಏಕೈಕ ವಿಶ್ರಾಂತಿ ಅದು. ಅದರ ಕೊನೆಯಲ್ಲಿ ಅಳೆದರೆ ಸಿಗುವುದು ವಿಶ್ರಾಂತಿಯ ಬಿ.ಪಿ.

ರಾತ್ರಿ ಏನಾಗಬೇಕು, ಏನಾಗುತ್ತದೆ

ನಿದ್ರೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಹಗಲಿನ ಸರಾಸರಿ ಮೇಲಿನ ಅಂಕಿ 130 ಇದ್ದವರಿಗೆ ನಿದ್ರೆಯಲ್ಲಿ ಅದು 117ರಿಂದ 104ರ ನಡುವೆ ಬರಬೇಕು. ರಕ್ತನಾಳಗಳಿಗೆ ಸಿಗುವ ರಜೆ ಅದೊಂದೇ. ಅದು 125ರಲ್ಲೇ ನಿಂತರೆ ಆ ರಜೆ ರದ್ದಾದಂತೆ. ಕೆಲವರಿಗೆ ಇಳಿಯುವ ಬದಲು ಏರುವುದೂ ಉಂಟು.

ನಿದ್ರೆ ತುಂಡಾದಾಗಲೆಲ್ಲ ದೇಹದ ಎಚ್ಚರದ ನರವ್ಯೂಹ ಚುರುಕಾಗಿ ಬಿ.ಪಿ. ಮೇಲೇರುತ್ತದೆ. ಇದಕ್ಕೆ ಬಹಳ ದೊಡ್ಡ ಕಾರಣ ಸ್ಲೀಪ್ ಆಪ್ನಿಯಾ. ಮಲಗಿದಾಗ ಗಂಟಲಿನ ಹಿಂಭಾಗ ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ನಿಂತು ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ, ಗೊರ್‌ ಎಂದು ಉಸಿರು ಮರಳುತ್ತದೆ, ಆ ಗಳಿಗೆಗೆ ಒತ್ತಡ ಜಿಗಿಯುತ್ತದೆ. ಮಲಗಿದವನಿಗೆ ಇದೊಂದೂ ನೆನಪಿರುವುದಿಲ್ಲ. ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 5 ಸಲ ಮೀರಿದರೆ ತೊಂದರೆ ಎಂದು ಲೆಕ್ಕ, 30 ಸಲವೋ ಅದಕ್ಕಿಂತ ಹೆಚ್ಚೋ ಆದರೆ ತೀವ್ರ. ಗಂಟೆಗೆ ಮೂವತ್ತು ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಬಂದು ಬಾಗಿಲು ಬಡಿದಂತೆ. ಬೆಳಗ್ಗೆ ಎದ್ದ ಮೇಲೂ ಆ ನರವ್ಯೂಹ ತಕ್ಷಣ ಶಾಂತವಾಗುವುದಿಲ್ಲ. ಬೆಳಗಿನ ಅಂಕಿ ಮಾತ್ರ ಏರಿರುವುದಕ್ಕೆ ಇದೊಂದು ಕಾರಣ.

ಆಪ್ನಿಯಾಕ್ಕೂ ಬಿ.ಪಿ.ಗೂ ಇರುವ ನಂಟು ಗಟ್ಟಿಯಾದದ್ದು. ಕಡಿಮೆ ನಿದ್ರೆ, ಬರದ ನಿದ್ರೆ, ಪಾಳಿಯ ನಿದ್ರೆ ಇವುಗಳಿಗೂ ನಂಟಿದೆ, ಆದರೆ ಯಾವುದು ಯಾವುದನ್ನು ಎಳೆದು ತಂದಿತು ಎಂದು ಪ್ರತಿಯೊಬ್ಬರಲ್ಲೂ ಬೆರಳು ಮಾಡಿ ತೋರಿಸಲಾಗದು. ನಿದ್ರೆ ಕೆಟ್ಟವರಿಗೆಲ್ಲ ಮರೆಯ ಬಿ.ಪಿ. ಇದೆ ಎಂದೂ ಅಲ್ಲ. ನಿದ್ರೆ ಕೆಟ್ಟಿದ್ದರೆ ಕ್ಲಿನಿಕ್ಕಿನ ಒಂದೇ ಅಂಕಿಯನ್ನು ನಂಬಿ ಕೂರಬೇಡಿ ಎಂಬಷ್ಟೇ ನನ್ನ ಮಾತು.

ಒಂದನೆಯ ಹೆಜ್ಜೆ: ಪಕ್ಕದಲ್ಲಿ ಮಲಗುವವರನ್ನು ಕೇಳಿ

ಯಂತ್ರಕ್ಕಿಂತ ಮೊದಲು ಸಾಕ್ಷಿ ಬೇಕು. ಈ ವಿಷಯದಲ್ಲಿ ಮುಂಬಯಿಯವರು ಪುಣ್ಯವಂತರು. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಊರಿದು, ನಿಮ್ಮ ಗೊರಕೆಗೆ ಸಾಕ್ಷಿಗಳಿಗೇನು ಬರ! ಹೋಟೆಲಿನಲ್ಲಿ ದುಡಿದು ಅದರ ರೂಮಿನಲ್ಲೇ ಇರುವವರು ಜೊತೆಗಾರರನ್ನು ಕೇಳಿ. ತಮಾಷೆ ಮಾಡುತ್ತಾರೆ, ಮಾಡಲಿ, ಉತ್ತರ ಸಿಕ್ಕರೆ ಸಾಕು. ಒಬ್ಬರೇ ಇರುವವರು ಮೊಬೈಲಿನಲ್ಲಿ ರಾತ್ರಿಯ ಸದ್ದನ್ನು ರೆಕಾರ್ಡ್ ಮಾಡಿಟ್ಟು ಕೇಳಬಹುದು.

ಕೇಳಬೇಕಾದದ್ದು ಇವು: ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಗೊರಕೆಯೇ? ನಡುವೆ ಉಸಿರು ನಿಲ್ಲುತ್ತದೆಯೇ? ಕೊನೆಗೆ ಉಸಿರುಗಟ್ಟಿದಂತೆ ಬೆಚ್ಚಿ ಏಳುತ್ತೀರಾ? ನೀವೇ ನೋಡಿಕೊಳ್ಳಬೇಕಾದದ್ದು: ಎದ್ದಾಗ ತಲೆಭಾರ, ಒಣಗಿದ ಬಾಯಿ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು. ಈ ಕೊನೆಯದನ್ನು ಎಲ್ಲರೂ ಸಕ್ಕರೆ ಕಾಯಿಲೆ ಅಥವಾ ಪ್ರಾಸ್ಟೇಟ್ ಎಂದುಕೊಳ್ಳುತ್ತಾರೆ. ಅದೂ ಇರಬಹುದು. ಆದರೆ ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಹೃದಯದ ಮೇಲಿನ ಕೋಣೆ ಹಿಗ್ಗಿ, ಹೆಚ್ಚು ಮೂತ್ರ ಮಾಡಿಸುವ ಹಾರ್ಮೋನನ್ನು ಬಿಡುತ್ತದೆ. ಹಾಗಾಗಿ ಗೊರಕೆಯ ಜೊತೆಗೆ ಇದು ಸೇರಿದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ: ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಇತರರು ಕಂಡದ್ದು, ಬಿ.ಪಿ., ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 35 ಮೀರಿದ ತೂಕ, ವಯಸ್ಸು 50 ದಾಟಿದ್ದು, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದ್ದು, ಗಂಡಸಾಗಿರುವುದು. ಮೂರಕ್ಕೆ ಹೌದು ಎಂದರೆ ವಿಚಾರಿಸಬೇಕು, ಐದಕ್ಕೆ ಎಂದರೆ ತಡ ಮಾಡಬಾರದು.

ಹಗಲಿನ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಪಟ್ಟಿ ಎಂಬುದೂ ಒಂದಿದೆ, 1991ರದ್ದು. ಅದರಲ್ಲಿ "ವಾಹನದಲ್ಲಿ ಒಂದು ಗಂಟೆ ಪ್ರಯಾಣಿಕನಾಗಿ ಕೂತರೆ ತೂಕಡಿಸುತ್ತೀರಾ" ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ಸೆಂಟ್ರಲ್ ಲೈನಿನ ಲೋಕಲ್ ರೈಲಿನವರೆಲ್ಲ ಪೂರ್ಣ ಅಂಕ ಪಡೆಯುತ್ತಾರೆ. ಐದು ಗಂಟೆ ಮಲಗಿ ಲೋಕಲ್ಲಿನಲ್ಲಿ ನಿಂತೇ ತೂಕಡಿಸುವವನಿಗೆ ನಿದ್ರೆ ಸಾಲದು, ಅಷ್ಟೇ. ಭಾನುವಾರ ಎಂಟು ಗಂಟೆ ಮಲಗಿ ಎದ್ದು, ಹತ್ತು ಗಂಟೆಗೆ ಪೇಪರ್ ಹಿಡಿದುಕೊಂಡೇ ಮತ್ತೆ ನಿದ್ರೆಗೆ ಜಾರುವವನದೇ ಬೇರೆ ಕಥೆ. ಅವನಿಗೆ ನಿದ್ರೆಯ ಗಂಟೆಗಳಿವೆ, ನಿದ್ರೆ ಇಲ್ಲ.

ಎರಡನೆಯ ಹೆಜ್ಜೆ: ಯಂತ್ರ

ಮೇಲ್ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಳ್ಳಿ. ಮಣಿಕಟ್ಟಿನದು ಬೇಡ, ಕೈಗಡಿಯಾರದ ಅಂಕಿಯನ್ನು ನಂಬಿ ಚಿಕಿತ್ಸೆಯ ತೀರ್ಮಾನ ಬೇಡವೇ ಬೇಡ. ಪರೀಕ್ಷೆಯಲ್ಲಿ ಗೆದ್ದ ಯಂತ್ರಗಳ ಪಟ್ಟಿಯನ್ನು ಸ್ಟ್ರೈಡ್ ಬಿ.ಪಿ. ಎಂಬ ಸಂಸ್ಥೆ ಅಂತರ್ಜಾಲದಲ್ಲಿ ಇಟ್ಟಿದೆ, ಮಾದರಿಯ ಸಂಖ್ಯೆಯನ್ನು ಅಲ್ಲಿ ನೋಡಿ ಕೊಳ್ಳಬಹುದು.

ಜನ ಎಡವುವುದು ತೋಳಿಗೆ ಸುತ್ತುವ ಪಟ್ಟಿಯಲ್ಲಿ. ದರ್ಜಿಯ ಟೇಪಿನಿಂದ ಮೇಲ್ತೋಳಿನ ನಡುಭಾಗ ಅಳೆಯಿರಿ. ಯಂತ್ರದ ಜೊತೆ ಬರುವ ಮಾಮೂಲಿ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರಿನ ತೋಳಿಗೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಇರುವವರಿಗೆ ಈ ಯಂತ್ರಗಳು ತಪ್ಪು ಹೇಳಬಹುದು, ಅಂಥವರು ಡಾಕ್ಟರನ್ನು ಕೇಳಿಯೇ ಕೊಳ್ಳಬೇಕು.

ಮೂರನೆಯ ಹೆಜ್ಜೆ: ಏಳು ದಿನ, ಎರಡು ಹೊತ್ತು

ಬೆಳಗ್ಗೆ ಎದ್ದು ಮೂತ್ರ ಮಾಡಿ ಬಂದು, ಚಹಾಕ್ಕೆ ಮೊದಲು, ಮಾತ್ರೆಗೆ ಮೊದಲು. ರಾತ್ರಿ ಮಲಗುವ ಮೊದಲು. ಪ್ರತಿ ಹೊತ್ತು ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಅರ್ಧ ಗಂಟೆ ಹಿಂದಿನಿಂದ ಬೀಡಿ, ಸಿಗರೇಟು, ಚಹಾ, ಕಾಫಿ, ಮೆಟ್ಟಿಲು ಹತ್ತುವುದು ಯಾವುದೂ ಬೇಡ.

ಕೂರುವುದಕ್ಕೂ ಒಂದು ಕ್ರಮವಿದೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದಗಳೆರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಮೇಜಿಲ್ಲದ ಮನೆಯಲ್ಲಿ ಮಡಿಚಿದ ಹಾಸಿಗೆಯ ಮೇಲೆ ಎರಡು ದಿಂಬು ಪೇರಿಸಿದರೂ ಆದೀತು. ಪಟ್ಟಿ ಬರಿಮೈ ಮೇಲೆ, ಅಂಗಿಯ ತೋಳಿನ ಮೇಲಲ್ಲ. ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಬಿಗಿ ಮಾಡುವುದೂ ಬೇಡ, ಅಂಗಿಯನ್ನೇ ತೆಗೆದುಬಿಡಿ. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಗುಂಡಿ ಒತ್ತಿ. ಅಳೆಯುವಾಗ ಮಾತು ಬೇಡ. ನನ್ನ ಗಲ್ಲಾದ ಗಿರಾಕಿ ಮೊದಲ ದಿನ ಅಳೆದದ್ದು ಊರಿನಿಂದ ಬಂದ ಫೋನಿನಲ್ಲಿ ಜಾಗದ ತಕರಾರು ಮಾತನಾಡುತ್ತಾ. 162 ಬಂತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹಿಡಿಯಬೇಕಾದ್ದೂ ಇಲ್ಲ. ಮೊದಲ ದಿನದ ಅಂಕಿಗಳನ್ನೆಲ್ಲ ಬಿಟ್ಟು ಉಳಿದ ಆರು ದಿನಗಳ ಇಪ್ಪತ್ನಾಲ್ಕನ್ನು ಕೂಡಿ ಭಾಗಿಸಬೇಕು. ಮೇಲಿನದರ ಸರಾಸರಿ 135 ಅಥವಾ ಕೆಳಗಿನದರ ಸರಾಸರಿ 85 ಮುಟ್ಟಿದರೆ ಮನೆಯ ಬಿ.ಪಿ. ಹೆಚ್ಚು. ಕ್ಲಿನಿಕ್ಕಿನ ಗೆರೆ 140/90, ಮನೆಯದು ಅದಕ್ಕಿಂತ ಕೆಳಗೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯಲ್ಲಿ 138 ಕಂಡು, ನೂರನಲವತ್ತು ಆಗಿಲ್ಲವಲ್ಲ ಎಂದು ಸಮಾಧಾನ ಪಟ್ಟವರನ್ನು ಎಷ್ಟೋ ಸಲ ತಿದ್ದಿದ್ದೇನೆ. ಬೆಳಗಿನ ಸರಾಸರಿ, ಮಲಗುವ ಮೊದಲಿನ ಸರಾಸರಿ ಬೇರೆ ಬೇರೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ರಾತ್ರಿ ಪಾಳಿಯವರು ಗಡಿಯಾರ ನೋಡಬೇಡಿ. ಮಧ್ಯಾಹ್ನ ಎರಡಕ್ಕೆ ಎದ್ದರೆ ನಿಮ್ಮ ಬೆಳಗು ಅದೇ.

ಅದೇ ಹಾಳೆಯಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಸಲ ಎಚ್ಚರವಾಯಿತು ಎಂದು ಬರೆಯಿರಿ. ಎರಡು ಅಂಕಣ ಅಕ್ಕಪಕ್ಕ ಬಂದಾಗ ಕಣ್ಣಿಗೆ ಏನೋ ಹೊಳೆಯುತ್ತದೆ. ಅಂಕಿ ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಚಾಳಿಯವರು ಯಂತ್ರದ ನೆನಪಿನಲ್ಲಿ ಎಲ್ಲವೂ ಉಳಿದಿರುತ್ತದೆ ಎಂಬುದನ್ನು ಮರೆಯುತ್ತಾರೆ.

ಒಂದು ಎಚ್ಚರಿಕೆ. 180/120 ದಾಟಿ ತೋರಿಸಿದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ, ಆಗಲೂ ಹಾಗೆಯೇ ಇದ್ದರೆ ಅಂದೇ ಡಾಕ್ಟರನ್ನು ಕಾಣಿ. ಜೊತೆಗೆ ಎದೆನೋವು, ಏದುಸಿರು, ಮಾತು ತೊದಲುವುದು, ಮುಖ ಅಥವಾ ಕೈ ಸೋಲುವುದು, ಕಣ್ಣು ಮಂಜಾಗುವುದು ಏನಿದ್ದರೂ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಫೋನು ಮಾಡಿ.

ನಾಲ್ಕನೆಯ ಹೆಜ್ಜೆ: ಹಾಳೆ ಹಿಡಿದು ಡಾಕ್ಟರಲ್ಲಿಗೆ

ನಿಮ್ಮ ಮಾಮೂಲಿ ಡಾಕ್ಟರೇ ಸಾಕು. ಮುಂಬಯಿ ನಗರದವರಿಗೆ ಪಾಲಿಕೆಯ ಆಪ್ಲಾ ದವಾಖಾನೆಗಳಿವೆ, ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳಿವೆ. ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು, ಖರ್ಚು ಕಡಿಮೆ. ಸಿಗುವ ಸಮಯ ಮೂರು ನಿಮಿಷ, ಹಾಗಾಗಿ ಕಥೆ ಹೇಳಬೇಡಿ. ಹಾಳೆ ಮುಂದಿಟ್ಟು ಹೀಗೆ ಹೇಳಿ: "ಇಲ್ಲಿ ನಾರ್ಮಲ್ ಬರುತ್ತದೆ, ಮನೆಯಲ್ಲಿ ಇಷ್ಟು ಬರುತ್ತಿದೆ, ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಮನೆಯವರು ನೋಡಿದ್ದಾರೆ. 24 ಗಂಟೆಯ ಬಿ.ಪಿ. ಪರೀಕ್ಷೆ, ನಿದ್ರೆಯ ಪರೀಕ್ಷೆ ಬೇಕೇ?" ನೋಡಿದವರನ್ನು ಜೊತೆಗೆ ಕರೆದೊಯ್ದರೆ ಅರ್ಧ ಕೆಲಸ ಮುಗಿಯಿತು.

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರೂ ಬೇಕು, ಚೀಟಿ ಇಲ್ಲದೆ ನನ್ನಂಥವರ ಅಂಗಡಿಯಿಂದ ತಂದದ್ದೂ ಸೇರಿ. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿ.ಪಿ. ಏರಿಸುತ್ತವೆ. ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಗಳೂ ಏರಿಸಬಹುದು. ಇನ್ನೊಂದು ಯಾರೂ ಹೇಳದ್ದು: ಭಜನೆ, ಯಕ್ಷಗಾನ ಎಂದು ಗಂಟಲು ಉಳಿಸಿಕೊಳ್ಳಲು ದಿನವಿಡೀ ಜ್ಯೇಷ್ಠಮಧು ಅಗಿಯುವವರು ನಮ್ಮಲ್ಲಿದ್ದಾರೆ. ಅಭ್ಯಾಸವಾಗಿ ಹೆಚ್ಚು ತಿಂದರೆ ಅದೂ ರಕ್ತದೊತ್ತಡವನ್ನು ಏರಿಸುತ್ತದೆ.

ಐದನೆಯ ಹೆಜ್ಜೆ: ರಾತ್ರಿಯನ್ನೇ ಅಳೆಯುವುದು

ಮನೆಯ ಯಂತ್ರ ನಿದ್ರೆಯನ್ನು ನೋಡಲಾರದು. ಅಲಾರಂ ಇಟ್ಟು ಎದ್ದು ಅಳೆದರೆ ಅದು ಎದ್ದವನ ಬಿ.ಪಿ. ಅದಕ್ಕಾಗಿಯೇ ಎ.ಬಿ.ಪಿ.ಎಂ. ಎಂಬ 24 ಗಂಟೆಯ ಯಂತ್ರ. ತೋಳಿಗೆ ಪಟ್ಟಿ, ಸೊಂಟಕ್ಕೆ ಮೊಬೈಲಿನಷ್ಟು ದೊಡ್ಡ ಪೆಟ್ಟಿಗೆ. ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ತಾನೇ ಉಬ್ಬಿ ಅಳೆಯುತ್ತದೆ. ಇಡೀ ದಿನದ ಸರಾಸರಿ 130/80, ನಿದ್ರೆಯ ಸರಾಸರಿ 120/70 ಮುಟ್ಟಿದರೆ ಹೆಚ್ಚು ಎಂದರ್ಥ. ಹಗಲೆಲ್ಲ ಸರಿಯಿದ್ದು ರಾತ್ರಿ ಮಾತ್ರ ಏರುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲಿಯೇ.

ರಜೆ ಹಾಕಿ ಮನೆಯಲ್ಲಿ ಮಲಗಿ ಇದನ್ನು ಮಾಡಿಸಬೇಡಿ, ಮಾಮೂಲಿ ದಿನವೇ ಬೇಕು. ಪಟ್ಟಿ ಉಬ್ಬತೊಡಗಿದಾಗ ತೋಳನ್ನು ಸಡಿಲವಾಗಿ ಇಳಿಬಿಟ್ಟು ಅಲುಗಾಡದೆ ನಿಲ್ಲಬೇಕು. ಲೋಕಲ್ಲಿನ ಗರ್ದಿಯಲ್ಲಿ ಕಂಬಿ ಹಿಡಿದ ಕೈಗೆ ಪಟ್ಟಿ ಕಟ್ಟಿದ್ದರೆ ಆ ಅಳತೆ ಹಾಳು. ಬಲಗೈಯಲ್ಲಿ ಕಂಬಿ ಹಿಡಿಯುವವರು ಎಡಗೈಗೆ ಕಟ್ಟಿಸಿಕೊಳ್ಳಿ. ಸೊಂಟದಲ್ಲಿ ಗುಂಯ್ ಎನ್ನುವ ಪೆಟ್ಟಿಗೆ ಕಂಡು ಅಕ್ಕಪಕ್ಕದವರು ಸರಿದು ನಿಂತರೆ, ಅದು ಆ ದಿನದ ಲಾಭ. ಸ್ನಾನ ಯಂತ್ರ ಕಟ್ಟುವ ಮೊದಲೇ ಮುಗಿಸಿ. ಮಲಗಿದ ಮತ್ತು ಎದ್ದ ಸಮಯವನ್ನು ಬರೆದು ಕೊಡದಿದ್ದರೆ ರಾತ್ರಿಯ ಸರಾಸರಿಗೆ ಅರ್ಥವಿಲ್ಲ.

ಗೊರಕೆಯ ಸಾಕ್ಷ್ಯ ಬಲವಾಗಿದ್ದರೆ ನಿದ್ರೆಯ ಪರೀಕ್ಷೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಮಾಡುವುದೂ ಇದೆ, ಬೆರಳಿಗೊಂದು ಕ್ಲಿಪ್ಪು, ಮೂಗಿಗೊಂದು ನಳಿಕೆ, ಎದೆಗೊಂದು ಪಟ್ಟಿ ಹಾಕಿಕೊಂಡು ಮನೆಯಲ್ಲೇ ಮಾಡುವುದೂ ಇದೆ. ಆಪ್ನಿಯಾ ಜೋರಾಗಿದ್ದರೆ ಸಿ-ಪ್ಯಾಪ್ ಎಂಬ ಗಾಳಿ ಒತ್ತುವ ಯಂತ್ರವನ್ನು ಹೇಳುತ್ತಾರೆ. ಅದರಿಂದ ಬಿ.ಪಿ. ಸರಾಸರಿ ಎರಡು ಮೂರು ಅಂಕಿಯಷ್ಟೇ ಇಳಿಯುತ್ತದೆ, ಹಾಗಾಗಿ ಮಾತ್ರೆಯನ್ನು ಬಿಡಿಸುವ ಮಾಯಾಯಂತ್ರ ಎಂದು ಕೊಳ್ಳಬೇಡಿ. ಹಗಲಿನ ದಣಿವು ಹೋಗುವುದು ಮಾತ್ರ ಬಳಸಿದವರಿಗೆ ಗೊತ್ತು. ಗಲ್ಲಾದ ಗಿರಾಕಿಗೆ ಬಿ.ಪಿ. ಮಾತ್ರೆಯೂ ಬಂತು, ಈ ಯಂತ್ರವೂ ಬಂತು. ಮೊದಲ ವಾರ ಮೂಗಿನ ಮುಚ್ಚಳ ಕಿತ್ತೆಸೆದರಂತೆ. ಈಗ ಊರಿಗೆ ಹೋಗುವಾಗಲೂ ರೈಲಿನಲ್ಲಿ ಹೊತ್ತೊಯ್ಯುತ್ತಾರೆ.

ಮಾತ್ರೆ ಬೆಳಗ್ಗೆಯೋ ರಾತ್ರಿಯೋ ಎಂದು ದಿನಕ್ಕೊಬ್ಬರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟೈಮ್ ಎಂಬ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ, ಮರೆಯದ ಹೊತ್ತಿಗೆ ತೆಗೆದುಕೊಳ್ಳಿ. "ಪಕ್ಕದ ಮನೆಯವರು ನುಂಗುವುದನ್ನೇ ನನಗೂ ಕೊಡಿ" ಎಂದು ಮಾತ್ರ ಕೇಳಬೇಡಿ.

ಪರೀಕ್ಷೆಗಳ ನಡುವೆ ಮನೆಯಲ್ಲಿ

ನಿದ್ರೆಯ ಮಾತ್ರೆ ಮತ್ತು ರಾತ್ರಿಯ ಪೆಗ್ಗು ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ, ಆಪ್ನಿಯಾ ಇದ್ದವರಿಗೆ ಅದು ಕೆಡುಕು. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ಚೀಟಿ ಇಲ್ಲದೆ ಮಾರಬಾರದೆಂದು ಸರ್ಕಾರ ಮಾಡಿದ ಎಚ್‌-1 ಪಟ್ಟಿಯವು. ಮಾರಿದಾಗ ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿಚಯದ ಮೇಲೆ ಕೊಡಿ ಎಂದು ಕೇಳಿ ನಮ್ಮನ್ನು ಮುಜುಗರಕ್ಕೆ ಸಿಕ್ಕಿಸಬೇಡಿ.

ಅಂಗಾತ ಮಲಗಿದಾಗ ಗೊರಕೆ ಜೋರಾಗುವವರು ಹಳೆಯ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು ಅದರಲ್ಲಿ ಚೆಂಡು ಇಟ್ಟುಕೊಂಡು ಮಲಗಿ, ತಾನಾಗಿ ಮಗ್ಗುಲಾಗುತ್ತೀರಿ. ತೂಕ ಇಳಿದರೆ ಗೊರಕೆಯೂ ಇಳಿಯುತ್ತದೆ, ಬಿ.ಪಿ.ಯೂ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ.

ಉಪ್ಪಿನ ಬಗ್ಗೆ ಬೆಳೆಸಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಸುಮಾರು ಒಂದು ಚಹಾ ಚಮಚ, ಎಲ್ಲ ಅಡುಗೆ ಸೇರಿ. ಹಗಲು ತಿಂದ ಹೆಚ್ಚಿನ ಉಪ್ಪನ್ನು ಮೂತ್ರಪಿಂಡ ಹೊರಹಾಕಲಾಗದೆ ಹೋದರೆ ರಾತ್ರಿಯೂ ಅದೇ ಕೆಲಸ ಮುಂದುವರಿಸಬೇಕು, ಅದಕ್ಕೆ ಒತ್ತಡ ಏರಿಯೇ ಇರಬೇಕು. ಸಂಜೆಯ ವಡಾಪಾವ್, ಫರ್ಸಾಣ, ರಾತ್ರಿಯ ಗಂಜಿಯ ಜೊತೆಗಿನ ಒಣಮೀನು ಚಟ್ನಿ, ಊರಿನಿಂದ ಡಬ್ಬಿಯಲ್ಲಿ ಬಂದ ಮಿಡಿ ಉಪ್ಪಿನಕಾಯಿ: ಬಿಡಿ ಎನ್ನುವ ಧೈರ್ಯ ನನಗಿಲ್ಲ, ನಾನೇ ಬಿಟ್ಟಿಲ್ಲ. ರಾತ್ರಿಯಿಂದ ಮಧ್ಯಾಹ್ನಕ್ಕೆ, ದಿನದಿಂದ ವಾರಕ್ಕೆ ಸರಿಸಿದ್ದೇನೆ.

ಸದ್ದಿಗೆ ಕಾನೂನಿದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ, 2000ದ ನಿಯಮ. ಹಳಿಯ ಪಕ್ಕದ ಕಟ್ಟಡದಲ್ಲಿ ಇರುವವರಿಗೆ ಇದನ್ನು ಓದಿದರೆ ನಗು ಬರುತ್ತದೆ. ತಲೆಯನ್ನು ಹಳಿಯ ಕಡೆಯ ಗೋಡೆಯಿಂದ ಆಚೆಗೆ ತಿರುಗಿಸಿ ಮಲಗಿ, ಹತ್ತಿಪ್ಪತ್ತು ರೂಪಾಯಿಯ ಕಿವಿಬಿರಡೆ ಹಾಕಿ ನೋಡಿ.

ಚಿಕಿತ್ಸೆ ಶುರುವಾದ ಮೇಲೆ ಡಾಕ್ಟರು ಹೇಳಿದ ಅಂತರದಲ್ಲಿ ಅದೇ ಏಳು ದಿನದ ಲೆಕ್ಕವನ್ನು ಮತ್ತೆ ಮಾಡಿ. ಈಗಾಗಲೇ ಮಾತ್ರೆ ನುಂಗುತ್ತಿರುವವರೂ ಮಾಡಬೇಕು, ಬೆಳಗಿನ ಮಾತ್ರೆಯ ಬಲ ಮರುದಿನ ಬೆಳಗಿನವರೆಗೆ ಉಳಿಯದೆ ಹೋಗುವುದುಂಟು. ಮನೆಯ ಸರಾಸರಿ ಈಗ ಸರಿಯಾಗಿದ್ದರೂ ಗೊರಕೆ ನಿಲ್ಲದವರು ವರ್ಷಕ್ಕೊಮ್ಮೆ ನೋಡಿಕೊಳ್ಳಿ. ಆಗ ಯಂತ್ರವನ್ನೂ ಡಾಕ್ಟರಲ್ಲಿಗೆ ಒಯ್ದು ಅವರದರ ಜೊತೆ ಹೋಲಿಸಿ ತನ್ನಿ. ಉಳಿದ ತಿಂಗಳು ಬ್ಯಾಟರಿ ತೆಗೆದಿಡಿ. ಮರೆತು ಒಳಗೇ ಬಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಸೋರಿ ಹಸಿರು ಪಾಚಿ ಕಟ್ಟುತ್ತದೆ. ಹಾಗೆ ಕೆಟ್ಟ ಯಂತ್ರಗಳು ಪ್ರತಿ ಸೆಪ್ಟೆಂಬರಿನಲ್ಲಿ ಮೂರು ನಾಲ್ಕಾದರೂ ನನ್ನ ಕೌಂಟರಿಗೆ ಬರುತ್ತವೆ.